ಎಡಗೈಯ ಮೂರು ವಾರ

ಒಂಬತ್ತನೆಯ ಎಟ್ಯೂಡಿನ ಮೊದಲ ಪುಟ
ದೂರದಿಂದ ನೋಡಿದರೆ ಇರುವೆ ಮುತ್ತಿದ ಬೆಲ್ಲದಚ್ಚು.
ಹತ್ತಿರ ಹೋದರೂ ಅಷ್ಟೆ.
ಗೆರೆಗೆ ನಲವತ್ತೆಂಟು ಸ್ವರ, ಎಲ್ಲ ಬಲಗೈಗೆ,
ಅದರಲ್ಲೂ ಅರ್ಧ ಉಂಗುರದ ಬೆರಳಿಗೆ, ಕಿರುಬೆರಳಿಗೆ,
ಮನೆಯಲ್ಲಿ ಯಾರೂ ಕೆಲಸ ಹೇಳದ ಆ ಇಬ್ಬರಿಗೆ.

ಪಿಯಾನೊ ಇದ್ದದ್ದು ಮುಚ್ಚಿದ ಮಿಲ್ಲಿನ ಆಫೀಸರ್ಸ್ ಕ್ಲಬ್ಬಿನಲ್ಲಿ.
ಹತ್ತಿಯ ಧೂಳು ಇನ್ನೂ ಅದರ ಹೊಟ್ಟೆಯೊಳಗೆ.
ಮೇಲಿನ ಸಪ್ತಕದ ಒಂದು ಬಿಳಿ ಮನೆ ಒತ್ತಿದರೆ
ಮರದ ಟಕ್ ಅಷ್ಟೆ, ದನಿಯಿಲ್ಲ.
ಆಟ ಅಲ್ಲಿಗೆ ಬಂದಾಗಲೆಲ್ಲ ಎವುಲಾಲಿಯಾ ಟೀಚರ್
ಆ ಸ್ವರವನ್ನು ಬಾಯಲ್ಲಿ ಹಾಡಿ ಕೊಡುತ್ತಿದ್ದರು,
ಕಂಡಕ್ಟರ್ ಮರೆತ ಚಿಲ್ಲರೆ ಕೊಟ್ಟ ಹಾಗೆ.

ಪುಟ ಕೇಳಿದ ವೇಗ ನೂರ ನಲವತ್ತು.
ಎಂಟು ತಿಂಗಳಲ್ಲಿ ನನ್ನ ಮೆಟ್ರೊನೋಮ್ ನೂರಕ್ಕೆ ಬಂದಿತ್ತು,
ಎರಡು ಅಂಕಿ ಮುಂದೆ, ಮೂರು ಹಿಂದೆ.
"ಇದು ಸಂಗೀತ ಅಲ್ಲ ಟೀಚರ್, ಕಸರತ್ತು.
ಮೊಹಲ್ಲಾದ ಗರಡಿಯಲ್ಲಿ ಬಸ್ಕಿ ಹೊಡೀತಾರಲ್ಲ, ಅದು."
"ಗರಡಿಯೇ. ಆದರೆ ಅಖಾಡದ ಮಣ್ಣಿಗೆ
ಎಣ್ಣೆ, ಅರಿಶಿನ ಯಾಕೆ ಹಾಕ್ತಾರೆ ಮಾರಾಯ್ತಿ?"
"ಬಿದ್ದರೆ ಗಾಯ ಆಗಬಾರದು ಅಂತ."
ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ಕನ್ನಡಕ ಒರೆಸಿಕೊಂಡು, ಮೊದಲಿಂದ, ಅಂದರು.

ನಾನು ಬಾಷಾ ನಗರದ ಮಂಡಕ್ಕಿ ಭಟ್ಟಿಯವಳು.
ಅಬ್ಬಾ ಮೂರಕ್ಕೆ ಎದ್ದು ಒಲೆಗೆ ಹೊಟ್ಟು ಸುರಿದರೆ
ಐದಕ್ಕೆ ಮರಳು ಕಾದಿರುತ್ತದೆ.
ಆ ಸದ್ದು ಕೇಳಿದ್ದೀರಾ?
ಒಂದು. ಸುಮ್ಮನೆ. ಎರಡು.
ಇನ್ನೊಂದು ಅನ್ನುವುದರೊಳಗೆ ಇಡೀ ಬಾಣಲೆ ಬಾಯಿ ಬಿಟ್ಟಿರುತ್ತದೆ,
ಎಣಿಕೆ ಎಲ್ಲಿ ತಪ್ಪಿತೋ ತಿಳಿಯುವುದೇ ಇಲ್ಲ.

ಒಂದು ನಸುಕು ಜಾರಿದ ಜರಡಿಗೆ ಕೈ ಚಾಚಿದೆ.
ಬಲಗೈ.
ಬಿಳಿ ಬಟ್ಟೆ ಸುತ್ತಿಕೊಂಡು ಕ್ಲಬ್ಬಿಗೆ ಹೋಗಿ
"ಮೂರು ವಾರ ಬರಲ್ಲ ಟೀಚರ್" ಅಂದೆ.
"ಯಾಕೆ, ಎಡಗೈ ಊರಿಗೆ ಹೋಗಿದೆಯಾ?"

ಅರ್ಧ ಪುಟಕ್ಕೆ ಹನ್ನೊಂದೇ ಸ್ವರ ಅದಕ್ಕೆ.
ಇಳಿದು, ನಿಂತು, ಮತ್ತೊಂದು ಮೆಟ್ಟಿಲು ಇಳಿದು,
ರಾತ್ರಿ ಪಾಳಿ ಮುಗಿಸಿದವನು ಸೈಕಲ್ ತುಳಿಯದೆ
ತಳ್ಳಿಕೊಂಡೇ ಮನೆಗೆ ಹೋಗುವ ಹಾಗೆ.
ಹನ್ನೆರಡನೆಯ ಖಾನೆಯಲ್ಲಿ ಅದು
ಯಾರೂ ಕರೆಯದ ಕರಿ ಮನೆಯೊಂದಕ್ಕೆ ಕಾಲಿಡುತ್ತದೆ.
ಅಷ್ಟು ದಿನ ಅದನ್ನು ಅಚ್ಚಿನ ತಪ್ಪು ಅಂದುಕೊಂಡಿದ್ದೆ.
ಬರಿಯ ಎಡಗೈಯಲ್ಲಿ ಕೇಳಿದರೆ,
ಹೇಳಬಾರದು ಅಂದುಕೊಂಡಿದ್ದನ್ನು
ಯಾರೋ ಊಟದ ನಡುವೆ ಹೇಳಿಬಿಟ್ಟಂತೆ.
ಎಂಟು ತಿಂಗಳು ಇವನ ತಲೆಯ ಮೇಲೆ ಓಡಾಡಿದ್ದೆ ನಾನು.

ಹಾಗಾದರೆ ಬಲಗೈ ಬೇಡವೇ ಬೇಡ ಅನ್ನಿಸಿತು.
ಕಟ್ಟು ಬಿಚ್ಚಿದ ಮೇಲೆ ಅರವತ್ತರಲ್ಲಿ, ಮೆಲ್ಲಗೆ,
ಎರಡನ್ನೂ ಕೂಡಿಸಿ ನೋಡಿದೆ.
ಅವನು ಸತ್ತ.
ನಲವತ್ತೆಂಟು ಸ್ವರ ನಲವತ್ತೆಂಟಾಗಿಯೇ ಉಳಿದು
ಒಂದೊಂದೂ ಅವನ ಹೆಜ್ಜೆಗೆ ಎಡವಿತು.
"ಮೇಲಿನದು ಸುಡಬೇಕು" ಅಂದರು ಟೀಚರ್,
"ಬೇಸಿಗೆಯ ಡಾಂಬರಿನ ಮೇಲೆ ಗಾಳಿ ಕುಣಿಯುತ್ತಲ್ಲ, ಹಾಗೆ.
ಆಗಲೇ ಆಚೆ ನಡೆಯುವವನು ಕಾಣುವುದು."
ಆಮೇಲೆ, ನನ್ನ ಕೈ ನೋಡಿ,
"ಸುಡೋದು ಅಂದರೆ ಹಾಗಲ್ಲ ಮಸೂದಾ" ಅಂದರು.

ನೂರ ನಲವತ್ತು ನನಗೆ ಇವತ್ತಿಗೂ ಬಂದಿಲ್ಲ.
ನೂರ ಇಪ್ಪತ್ತಾರು, ಒಂದು ಸಂಜೆ,
ಕರೆಂಟು ಹೋಗಿ ಪುಟ ಕಾಣದಾಗ
ಬೆರಳುಗಳು ಎಣಿಸುವುದನ್ನು ಬಿಟ್ಟವು.
ಬಾಣಲೆ ಬಾಯಿ ಬಿಟ್ಟಿತು.
ಅದರ ಕೆಳಗೆ ಸೈಕಲ್ ತಳ್ಳಿಕೊಂಡು ಅವನು,
ಕರಿ ಮನೆಯವರೆಗೆ, ಅದನ್ನೂ ದಾಟಿ.

ಸತ್ತ ಮನೆಯ ಮೇಲೆ ಬೆರಳು ಹಾದುಹೋಯಿತು, ಟಕ್.
ಟೀಚರ್ ಹಾಡಲು ಮರೆತಿದ್ದರು.

ನಾಲ್ಕೇ ಖಾನೆ. ಐದನೆಯದರಲ್ಲಿ
ಕಿರುಬೆರಳು ಜಾರಿತು.